ಕೆಂಪಾಜಮ್ಮನ ಒಪ್ಪೊತ್ತು

ಹನಗೋಡಿನ ಕೆಂಪಾಜಮ್ಮನಿಗೆ ನಲವತ್ತು ಹತ್ತಿರ ಬರುವಾಗ ಇದ್ದಕ್ಕಿದ್ದಂತೆ ಭಕ್ತಿ ಹೆಚ್ಚಾಯಿತು. ಶನಿವಾರ ಮಾತ್ರ ಒಪ್ಪೊತ್ತು ಇರುತ್ತಿದ್ದವಳು ಶ್ರಾವಣದ ನೆಪದಲ್ಲಿ ಸೋಮವಾರವೂ ಒಂದೇ ಹೊತ್ತು ಉಣ್ಣತೊಡಗಿದಳು. ಆಮೇಲೆ ಶುಕ್ರವಾರವೂ ಸೇರಿತು. ನನ್ನ ಸೊಸೆಯಂಥ ಭಕ್ತೆ ಸುತ್ತೇಳು ಹಳ್ಳಿಯಲ್ಲಿಲ್ಲ ಎಂದು ಅತ್ತೆ ಕುಳ್ಳಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ದೇವರಿಗೇ ನಗು ಬಂದಿರಬೇಕು. ಆ ಒಪ್ಪೊತ್ತು ಅವನ ಮೇಲಿನ ಭಕ್ತಿಯಿಂದ ಬಂದದ್ದಲ್ಲ, ಕಕ್ಕಸಿನ ಮೇಲಿನ ಭಯದಿಂದ ಬಂದದ್ದು.

ಉಂಡರೆ ಬೆಳಿಗ್ಗೆ ಅಲ್ಲಿಗೆ ಹೋಗಬೇಕು. ಕೂತರೆ ಗಾಜಿನ ಚೂರು ಕೊಯ್ದಂಥ ನೋವು. ಎದ್ದು ಬಂದ ಮೇಲೂ ಒಂದೆರಡು ಗಂಟೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಒಂದು ದಿನ ತಿರುಗಿ ನೋಡಿದರೆ ಕೆಂಪು ರಕ್ತ. ನಾಲ್ಕಾರು ಹನಿ ಇದ್ದೀತು. ಆದರೂ ಯಾರೂ ನೋಡಬಾರದೆಂದು ಹತ್ತು ಚೊಂಬು ನೀರು ಸುರಿದಳು.

ಕೆ.ಆರ್. ನಗರದ ತವರಿನಲ್ಲಿ ಅವಳ ಅಣ್ಣ ಮುದ್ದಯ್ಯ ತೀರಿಕೊಂಡು ಮೂರು ವರ್ಷ. ಅವನಿಗೂ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕು ಎಂದುಕೊಂಡು ನಾಚಿಕೆಯಲ್ಲಿ ಒಂದು ವರ್ಷ ಮುಚ್ಚಿಟ್ಟ. ಕೊನೆಗೆ ಗೊತ್ತಾದದ್ದು ಕರುಳಿನ ಕ್ಯಾನ್ಸರ್ ಎಂದು. ನನಗೂ ಅದೇ ಬಂದಿದೆ ಎಂದು ಕೆಂಪಾಜಮ್ಮ ತಾನೇ ತೀರ್ಪು ಕೊಟ್ಟುಕೊಂಡಳು. ಗಂಡ ದೇವರಾಜುವಿಗೆ ಹೇಳೋಣವೆಂದರೆ, ಎಲ್ಲಿ ನೋವು ಎಂದು ಕೇಳಿದರೆ ಏನೆಂದು ಹೇಳುವುದು?

ಅವಳು ಬಾಯಿ ಬಿಡದೆ ಸಿದ್ಧತೆ ಶುರುಮಾಡಿದಳು. ಪಿಯುಸಿ ಓದುವ ಮಗಳು ಪವಿತ್ರಳನ್ನು ಒಲೆಯ ಮುಂದೆ ನಿಲ್ಲಿಸಿ ಮುದ್ದೆ ತಿರುವಲು ಕಲಿಸಿದಳು. "ಕಲ್ತ್ಕೊ ಮಗ, ನಾನೇ ಇರ್ತೀನಾ ಯಾವಾಗ್ಲೂ?" ಎನ್ನುತ್ತ ಒಲೆಗೆ ಸೌದೆ ತಳ್ಳುತ್ತಿದ್ದಳು. ಮಗಳು ಇದನ್ನು ಬೇರೆಯೇ ಅರ್ಥ ಮಾಡಿಕೊಂಡಳು. ಎಲ್ಲೋ ಗಂಡು ನೋಡಿದ್ದಾರೆ, ಓದು ಬಿಡಿಸುತ್ತಾರೆ ಎಂದುಕೊಂಡು ಮುಖ ಊದಿಸಿಕೊಂಡು ತಿರುವಿದಳು. ಮುದ್ದೆಯ ತುಂಬ ಗಂಟು.

ಕೆಂಪಾಜಮ್ಮ ಮಾತ್ರ ಆ ಮುದ್ದೆ ಮುಟ್ಟಲಿಲ್ಲ. ಗಟ್ಟಿ ಉಂಡರೆ ಗಟ್ಟಿಯಾಗಿಯೇ ಹೋಗುತ್ತದೆ ಎಂಬುದು ಅವಳ ತರ್ಕ. ಅನ್ನದ ಗಂಜಿ, ಟೀ, ರಸ್ಕು, ಅಷ್ಟೇ. ಹಗಲೆಲ್ಲ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಎಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸ. ಅಲ್ಲಿ ಹೆಂಗಸರಿಗೆ ಮರೆಯಾದ ಜಾಗವಿಲ್ಲ, ಹಾಗಾಗಿ ನೀರನ್ನೂ ಕುಡಿಯುತ್ತಿರಲಿಲ್ಲ. ಒತ್ತಡ ಬಂದರೆ ಹಲ್ಲು ಕಚ್ಚಿ ತಡೆಯುತ್ತಿದ್ದಳು.

ಹೆಂಗಸರ ಸಂಘದ ಮೀಟಿಂಗಿನಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತರೆ ಕೆಂಪಾಜಮ್ಮ ಗೋಡೆಗೊರಗಿ ನಿಂತೇ ಇದ್ದಳು. ಊರಿನ ಆಶಾ ಕಾರ್ಯಕರ್ತೆ ಮೀನಾಳ ಕಣ್ಣು ತಪ್ಪಿಸುವುದು ಸುಲಭವಲ್ಲ. ಮೀಟಿಂಗ್ ಮುಗಿದ ಮೇಲೆ ಮನೆಯ ಹಿತ್ತಲಿಗೇ ಬಂದಳು.

"ಅಕ್ಕ, ಕೂರಕ್ಕಾಗ್ದಂಗೆ ಏನಾಗದೆ?"

"ಏನೂ ಇಲ್ಲ ಕಣ್ ಬುಡು ಮೀನಾ."

"ನಂಗೂ ಎರಿಗೆ ಆದ್ಮೇಲೆ ಇಂಗೇ ಆಗಿತ್ತು. ಮೂರು ತಿಂಗ್ಳು ಯಾರ್ಗೂ ಏಳ್ಲಿಲ್ಲ. ಗಾಜಲ್ಲಿ ಕುಯ್ದಂಗೆ ಆಯ್ತಿತ್ತು."

ಗಾಜು ಎಂಬ ಮಾತು ಕಿವಿಗೆ ಬಿದ್ದದ್ದೇ ಕೆಂಪಾಜಮ್ಮ ಒಗೆಯುವ ಕಲ್ಲಿನ ಪಕ್ಕ ನಿಂತು ಅತ್ತುಬಿಟ್ಟಳು. "ರಕ್ತ ಓಯ್ತದೆ ಕಣವ್ವ. ನಮ್ಮಣ್ಣಂಗೆ ಬಂದಿದ್ದೇ ನಂಗೂ ಬಂದದೆ. ಅದ್ಕೇ ಮಗೀಗೆ ಇಟ್ಟು ತಿರ್ವೋದು ಕಲಿಸ್ತಿವ್ನಿ."

ಏನೂ ಆಗಿಲ್ಲ ಎಂದು ಮೀನಾ ಸಮಾಧಾನದ ಸುಳ್ಳು ಹೇಳಲಿಲ್ಲ. ಏನೆಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ನೋಡಿದವರು ಹೇಳಬೇಕು ಎಂದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಕುಳ್ಳಮ್ಮ, ಹ್ಯಾಂಡ್‌ಪೋಸ್ಟ್ ಊರಿನ ಕಡೆ ಒಬ್ಬ ಮೂಲವ್ಯಾಧಿಗೆ ಮದ್ದು ಹಚ್ಚುತ್ತಾನಂತೆ, ಒಂದೇ ಸಲಕ್ಕೆ ವಾಸಿಯಂತೆ ಎಂದಳು. ರಕ್ತ ಬಂದದ್ದೆಲ್ಲ ಮೂಲವ್ಯಾಧಿಯಲ್ಲ, ಗೊತ್ತಿಲ್ಲದ ಮದ್ದಿನಿಂದ ಗಾಯ ಸುಟ್ಟರೆ ಗತಿಯೇನು ಎಂದು ಮೀನಾ ಕೇಳಿದಳು.

"ಆ ಜಾಗವ ಯಾರ್ಗೆ ತೋರ್ಸಾನ ಮೀನಾ? ಮಾನ ಓಯ್ತದೆ," ಎಂದಳು ಕೆಂಪಾಜಮ್ಮ.

"ಡಾಕ್ಟ್ರೂ ಎಂಗಸ್ರೇ ಕಣಕ್ಕ. ನಾನೂ ಜೊತೇಲಿ ಬತ್ತೀನಿ."

ಮಾರನೆಯ ದಿನ ಹುಣಸೂರಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೆಂಪಾಜಮ್ಮ ನಿಂತೇ ಹೋದಳು. ಆಸ್ಪತ್ರೆಯ ಸಾಲಿನಿಂದ ಎರಡು ಸಲ ಜಾರಿಕೊಳ್ಳಲು ನೋಡಿದಳು, ಎರಡು ಸಲವೂ ಮೀನಾ ಸೆರಗು ಹಿಡಿದಳು. ಡಾಕ್ಟರ್ ನಿಶತ್ ಮೊದಲು ಊಟ, ಒಪ್ಪೊತ್ತು, ಕೆಲಸ, ಅಣ್ಣನ ಕಾಯಿಲೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಪರದೆ ಎಳೆದು, ಮಗ್ಗುಲಾಗಿ ಮಲಗಿಸಿ ಪರೀಕ್ಷೆ ಮಾಡಿದ್ದು ಎರಡೇ ನಿಮಿಷ. ಆಮೇಲೆ ಕೈ ತೊಳೆಯಲು ಹೋದರು. ನಲ್ಲಿಯ ನೀರು ಬೀಳುತ್ತಲೇ ಇತ್ತು. ಕೆಂಪಾಜಮ್ಮನಿಗೆ ಅಣ್ಣನ ಸೊರಗಿದ ಮುಖ ಕಣ್ಣಿಗೆ ಕಟ್ಟಿತು.

"ಬಿರುಕು ಬಿಟ್ಟಿದೆ ಅಮ್ಮ. ಹಿಮ್ಮಡಿ ಒಡೆಯುತ್ತಲ್ಲ, ಹಾಗೆ. ಇದಕ್ಕೆ ಫಿಷರ್ ಅಂತೀವಿ. ಕ್ಯಾನ್ಸರ್ ಥರ ಏನೂ ನನಗೆ ಕಾಣಲಿಲ್ಲ."

ಕೆಂಪಾಜಮ್ಮನಿಗೆ ನಂಬಿಕೆ ಬರಲಿಲ್ಲ. ಹಾಗಾದರೆ ಇಷ್ಟು ನೋವು ಯಾಕೆ, ರಕ್ತ ಯಾಕೆ ಎಂದು ಕೇಳಿದಳು. ಡಾಕ್ಟರ್ ಬಿಡಿಸಿ ಹೇಳಿದರು. ಮಲ ಗಟ್ಟಿಯಾಗಿ ಹೊರಗೆ ಬರುವಾಗ ಗುದದ್ವಾರದ ತೆಳು ಚರ್ಮ ಸೀಳುತ್ತದೆ. ಹೋಗುವಾಗ ಕೊಯ್ದಂಥ ನೋವು, ಆಮೇಲೆ ಉರಿ, ಅಚ್ಚ ಕೆಂಪು ಹನಿ, ಇದೇ ಅದರ ಗುರುತು. ಮೂಲವ್ಯಾಧಿಯಲ್ಲಿ ಎಷ್ಟೋ ಸಲ ನೋವಿಲ್ಲದೆ ರಕ್ತ ಹೋಗುತ್ತದೆ. ತಿಣುಕುವುದರಿಂದ, ಬಹಳ ದಿನದ ಭೇದಿಯಿಂದ, ಹೆರಿಗೆಯಿಂದಲೂ ಬಿರುಕು ಬರಬಹುದು.

"ನೋವಿಗೆ ಹೆದರಿ ತಡೆದ್ರಿ, ನೀರು ಬಿಟ್ರಿ, ಊಟ ಬಿಟ್ರಿ. ಅದಕ್ಕೇ ಇನ್ನೂ ಗಟ್ಟಿಯಾಗಿ ಮತ್ತೆ ಸೀಳ್ತು. ನಿಮ್ಮ ಒಪ್ಪೊತ್ತೇ ನಿಮ್ಮನ್ನ ಕುಯ್ತಿರೋದು."

ಮುಲಾಮು ಬರೆದುಕೊಟ್ಟರು. ದಿನಕ್ಕೆ ಎರಡು ಮೂರು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹದಿನೈದು ನಿಮಿಷ ಕೂರಲು ಹೇಳಿದರು. ಸೊಪ್ಪು, ಕಾಳು, ಹಣ್ಣು, ಮುದ್ದೆ ಉಣ್ಣಬೇಕು, ಬ್ಯಾರನ್‌ಗೂ ನೀರಿನ ಬಾಟಲಿ ಒಯ್ಯಬೇಕು, ಖಾರ ಸದ್ಯಕ್ಕೆ ಕಡಿಮೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ, ಆಗದಿದ್ದರೆ ಬೇರೆ ಚಿಕಿತ್ಸೆ ಇದೆ ಎಂದರು. ಅಣ್ಣನಿಗೆ ಕ್ಯಾನ್ಸರ್ ಇದ್ದದ್ದರಿಂದ ಇದು ವಾಸಿಯಾದ ಮೇಲೆ ಕರುಳಿನ ಪರೀಕ್ಷೆಯನ್ನೂ ಮಾಡಿಸೋಣ ಎಂದು ಚೀಟಿಯಲ್ಲಿ ಬರೆದರು.

ಆ ಶನಿವಾರ ರಾತ್ರಿ ಕೆಂಪಾಜಮ್ಮ ತಟ್ಟೆ ಹಾಕಿಕೊಂಡು ಕೂತಳು. ಒಪ್ಪೊತ್ತು ಎಲ್ಲಿ ಹೋಯಿತೆಂದು ಕುಳ್ಳಮ್ಮ ಕೇಳಲಿಲ್ಲ, ತಾನೇ ಸೊಪ್ಪಿನ ಸಾರು ಬಡಿಸಿದಳು. ಪವಿತ್ರ ಮುದ್ದೆ ಇಟ್ಟು, ಅಳುಕುತ್ತ ಕೇಳಿದಳು.

"ಅವ್ವ, ನಂಗೆ ಗಂಡು ನೋಡಿದೀರಾ?"

ಕೆಂಪಾಜಮ್ಮ ಮಗಳ ಮುಖ ನೋಡಿದಳು. ನಗು, ಅಳು ಒಟ್ಟಿಗೇ ಬಂದವು. "ಇಲ್ಲ ಕಣ್ ಮಗ. ಓದ್ಕೊ ಓಗು. ಇನ್ಮೇಲೆ ಇಟ್ಟು ನಾನೇ ತಿರುವ್ತೀನಿ." ಗಂಟಿದ್ದ ಆ ಮುದ್ದೆಯನ್ನು ಒಂದು ಚೂರೂ ಬಿಡದೆ ಉಂಡಳು. ಆರು ವಾರ ಕಳೆಯುವಷ್ಟರಲ್ಲಿ ಸಂಘದ ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಾಗಿಲು ಹಾಕಿಕೊಂಡು ನೀವೂ ಹತ್ತು ಚೊಂಬು ನೀರು ಸುರಿಯುತ್ತಿದ್ದೀರಾ? ರಕ್ತ ಕಂಡರೆ ನೀವೇ ಹೆಸರಿಡಬೇಡಿ, ಡಾಕ್ಟರಿಗೆ ತೋರಿಸಿ. ಮಲ ಕಪ್ಪಗಿದ್ದರೆ, ರಕ್ತ ಮಲದೊಳಗೆ ಬೆರೆತಿದ್ದರೆ, ಮೈ ಇಳಿಯುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಮುದ್ದಯ್ಯನಿಗೆ ಹೇಳಿಕೊಳ್ಳಲು ಒಂದು ವರ್ಷ ಇತ್ತು. ಅವನು ಹೇಳಲಿಲ್ಲ. ನೀವು ಇವತ್ತೇ ಹೇಳಿ.