ಅಕ್ಕನ ಕಾಲಿನ ತೂಕ

ತಕ್ಕಡಿ ರಿಪೇರಿ ಮಾಡುವ ಅಕ್ಕನಿಗೆ ಐವತ್ತಾರು ತುಂಬಿದ ವರ್ಷ ಸಮುದ್ರದ ತಳಕ್ಕೆ ಇಳಿಯುವ ಹುಚ್ಚು ಹತ್ತಿತು. ಹುಚ್ಚು ಎಂದವರು ಬೀದಿಯ ಜನ. ಅವಳನ್ನು ಕೇಳಿದರೆ ಅದು ಹುಚ್ಚಲ್ಲ, ನಲವತ್ತೈದು ವರ್ಷದ ಹಟ.

ವಿಷಯ ಇಷ್ಟೇ. ಅವಳ ಅಪ್ಪ ಲಾಂಚಿನ ಎಂಜಿನ್ ನೋಡಿಕೊಳ್ಳುತ್ತಿದ್ದರು. ಈ ದಡದ ಜನರನ್ನು ಆ ದಡಕ್ಕೆ ದಾಟಿಸುವ ಪುಟ್ಟ ಲಾಂಚು ಅದು. ಶಾಲೆಗೆ ರಜೆಯಿದ್ದ ದಿನ ಅಕ್ಕ ತಮ್ಮ ಇಬ್ಬರೂ ಜೊತೆಗೆ ಹೊರಡುತ್ತಿದ್ದರು. ಎಂಜಿನ್ ಕೋಣೆಯ ಮೆಟ್ಟಿಲ ಬಳಿ ಬಂದ ಕೂಡಲೇ ಅಪ್ಪ ಅವಳಿಗೆ ಕೈ ಅಡ್ಡ ಹಿಡಿಯುತ್ತಿದ್ದರು. "ನೀನು ಮೇಲೆ ಕೂತ್ಕೋ ಮಗಳೇ, ಬಟ್ಟೆಗೆ ಎಣ್ಣೆ ಆಗುತ್ತೆ." ತಮ್ಮ ಮಾತ್ರ ಅಪ್ಪನ ಹಿಂದೆಯೇ ಇಳಿದು ಮಾಯವಾಗುತ್ತಿದ್ದ. ಸಂಜೆ ಮನೆಗೆ ಬಂದು ಅವನು ಕೊಚ್ಚಿಕೊಳ್ಳುವುದನ್ನು ಕೇಳಬೇಕಿತ್ತು! ಅಪ್ಪನ ಪಕ್ಕದಲ್ಲೇ ಕೂತಿದ್ದನಂತೆ, ಎಂಜಿನ್ ಅವನ ಮಾತು ಕೇಳುತ್ತಿತ್ತಂತೆ. ಅಕ್ಕನಿಗೆ ಹೊಟ್ಟೆ ಉರಿದು ಬೂದಿಯಾಗುತ್ತಿತ್ತು.

ಅಪ್ಪ ಹೋಗಿ ವರ್ಷಗಳಾದವು. ಲಾಂಚಿಗೂ ವಯಸ್ಸಾಯಿತು. ಬಂದರಿನವರು ಅದರ ಎಣ್ಣೆಯನ್ನೆಲ್ಲ ಬಸಿದು, ಒಂದು ಪಕ್ಕದ ಗೋಡೆ ಕತ್ತರಿಸಿ, ಮೀನುಗಳಿಗೆ ಮನೆಯಾಗಲಿ ಎಂದು ಹನ್ನೆರಡು ಮೀಟರ್ ನೀರಿನಲ್ಲಿ ಮುಳುಗಿಸಿದರು. ತಮ್ಮನೋ, ಅಷ್ಟರಲ್ಲಿ ಡೈವಿಂಗ್ ಮೇಷ್ಟ್ರಾಗಿದ್ದ. ವಾರವಾರವೂ ಯಾರ್ಯಾರನ್ನೋ ಅದೇ ಲಾಂಚು ತೋರಿಸಲು ಕರೆದುಕೊಂಡು ಹೋಗುತ್ತಿದ್ದ.

"ಕಂಡವರಿಗೆಲ್ಲ ತೋರಿಸ್ತೀಯ, ಒಡಹುಟ್ಟಿದವಳಿಗೆ ತೋರಿಸೋಕಾಗಲ್ವಾ?" ಎಂದು ಅಕ್ಕ ಒಂದು ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾನು ಆ ಎಂಜಿನ್ ಕೋಣೆಯೊಳಗೆ ಹೋಗ್ಲೇಬೇಕು."

ತಮ್ಮನಿಗೆ ಅಕ್ಕನ ಹಟ ಗೊತ್ತು. ತರಗತಿಗೆ ಸೇರಿಸಿಕೊಂಡ.

ತರಗತಿಯಲ್ಲಿ ಇವಳನ್ನು ಬಿಟ್ಟರೆ ಎಲ್ಲರೂ ಮೂವತ್ತರ ಒಳಗಿನವರು. ಉಸಿರಾಟ ಕಲಿತಳು, ಕಿವಿಯ ಒತ್ತಡ ಬಿಡಿಸಿಕೊಳ್ಳುವುದನ್ನು ಎಲ್ಲರಿಗಿಂತ ಮೊದಲು ಕಲಿತಳು. ಆದರೆ ಈಜುಕೊಳದ ಕೊನೆಯ ಪರೀಕ್ಷೆಯಲ್ಲಿ ಎಡವಟ್ಟಾಯಿತು. ನೀರಿನ ನಡುವೆ ಅಡ್ಡಕ್ಕೆ ಮಲಗಿ, ಕೈಕಾಲು ಆಡಿಸದೆ ಒಂದು ನಿಮಿಷ ಇರಬೇಕು. ಇವಳ ಕಾಲು ಮಾತ್ರ ನಿಧಾನವಾಗಿ ಮೇಲೇಳುತ್ತಿತ್ತು. ಹತ್ತು ಎಣಿಸುವುದರೊಳಗೆ ತಲೆ ಕೆಳಗೆ, ಪಾದ ಮೇಲೆ! ಒಂದು ಸಲವಲ್ಲ, ಎರಡು ಸಲವಲ್ಲ, ಏಳು ಸಲ. ಜೊತೆಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು, ಆದರೆ ಮನೆಗೆ ಒಬ್ಬಳೇ ಹೋದಳು.

ಕಡಲು ಒರಟಾಗುವ ತಿಂಗಳು ಹತ್ತಿರವಾಗಿತ್ತು. ಭಾನುವಾರದ್ದೇ ಆ ವರ್ಷದ ಕೊನೆಯ ದೋಣಿ.

ತಕ್ಕಡಿ ರಿಪೇರಿಯವಳಿಗೆ ಯಾವ ತೊಂದರೆಗೂ ಮೊದಲು ಹೊಳೆಯುವ ಮದ್ದು ತೂಕವೇ ತಾನೆ? ಎರಡು ಉದ್ದನೆಯ ಚೀಲ ಹೊಲಿದಳು. ಒಂದೊಂದರಲ್ಲೂ ಇನ್ನೂರು ಗ್ರಾಮಿನ ನಾಲ್ಕು ಹಿತ್ತಾಳೆಯ ತೂಕದ ಬಟ್ಟು ತುಂಬಿಸಿದಳು. ಎರಡನ್ನೂ ತೂಗಿ ನೋಡಿದಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಶುಕ್ರವಾರ ದೋಣಿಕಟ್ಟೆಯ ಪಕ್ಕದ ತಿಳಿನೀರಿನಲ್ಲಿ ಅಭ್ಯಾಸವಿದ್ದಾಗ ಅವನ್ನು ಕಣಕಾಲಿಗೆ ಬಿಗಿಯಾಗಿ ಕಟ್ಟಿಕೊಂಡು ಇಳಿದಳು.

ಆಹಾ, ಕಾಲು ಕೆಳಗೆ ನಿಂತಿತು! ಮಹಾರಾಣಿಯ ಹಾಗೆ ನೆಟ್ಟಗೆ ಸಾಗಿದಳು. ಐವತ್ತು ಅಡಿ ಹೋದಮೇಲೆ ತಮ್ಮ ಬಂದು ಅವಳ ಭುಜ ತಟ್ಟಿ, ಹಿಂದೆ ನೋಡು ಎಂದು ಬೆರಳು ತೋರಿಸಿದ. ಅಕ್ಕ ತಿರುಗಿದಳು. ಹಿಂದೆ ಏನೂ ಇರಲಿಲ್ಲ. ಮೀನಿಲ್ಲ, ನೀರಿಲ್ಲ, ಬರೀ ರಾಡಿ. ಭಾರದ ಕಾಲು ಇಳಿಬಿದ್ದು, ಕಾಲಿಗೆ ಹಾಕಿದ ರಬ್ಬರ್ ರೆಕ್ಕೆಗಳು ಹೆಜ್ಜೆಹೆಜ್ಜೆಗೂ ತಳದ ಕೆಸರು ಎಬ್ಬಿಸಿದ್ದವು. ಮೇಲೆದ್ದಾಗ ಉಸಿರೂ ಮೇಲುಸಿರು. ಸಿಲಿಂಡರಿನ ಗಾಳಿ ಬೇರೆಯವರಿಗಿಂತ ಬೇಗ ಮುಗಿದಿತ್ತು.

"ಕಾಲಿಗೆ ತೂಕ ಕಟ್ಟೋದು ಪಾಪ ಅಂತ ನಾನು ಹೇಳ್ತಿಲ್ಲ ಅಕ್ಕ," ಎಂದ ತಮ್ಮ. "ಕೆಲವರಿಗೆ, ಕೆಲವು ಉಡುಪಿಗೆ ಬೇಕಾಗುತ್ತೆ. ಆದ್ರೆ ಎಂಜಿನ್ ಕೋಣೆ ತುಂಬ ಕೆಸರು. ಹೀಗೆ ಒದ್ದರೆ ಬಾಗಿಲೇ ಕಾಣಲ್ಲ. ಕಾಲಿಗೆ ತೂಕ ಕಟ್ಟಿದವರನ್ನ ನಾನು ಒಳಗೆ ಬಿಡಲ್ಲ."

"ಕಟ್ಟದಿದ್ರೆ ತಲೆ ಕೆಳಗಾಗುತ್ತಲ್ಲೋ!"

"ಹಾಗಾದವರನ್ನೂ ಬಿಡಲ್ಲ."

"ನೀನೂ ಅಪ್ಪನ ಮಗನೇ ಕಣೋ," ಎಂದು ಅಕ್ಕ ಚೀಲ ಬಿಚ್ಚಿ ಅವನ ಕಾಲ ಬಳಿ ಎಸೆದಳು. ಅವಳ ಕಣ್ಣು ತುಂಬಿತ್ತು. ಉಪ್ಪುನೀರು ಎಂದುಕೊಂಡ ಅವನು, ಮಂಕುದಿಣ್ಣೆ.

ಶನಿವಾರ ಅಂಗಡಿಗೆ ಒಬ್ಬ ತರಕಾರಿ ವ್ಯಾಪಾರಿ ಹಳೆಯ ತಕ್ಕಡಿ ಹಿಡಿದು ಬಂದ. ಒಂದು ಕಡೆಗೆ ವಾಲುತ್ತಿತ್ತು. ಅಕ್ಕ ತಟ್ಟೆ ಮಗುಚಿ ನೋಡಿದರೆ ಅಡಿಯಲ್ಲಿ ಮೇಣದ ಉಂಡೆ! ಬುದ್ಧಿವಂತ ತಾನೇ ಸರಿಮಾಡಿಕೊಳ್ಳಲು ಅಂಟಿಸಿದ್ದ. ಮೊದಲೇ ಉರಿಯುತ್ತಿದ್ದವಳು, ಹಿಡಿದು ಜಾಡಿಸಿದಳು.

"ವಾಲಿದ ಕೂಡಲೇ ಇನ್ನಷ್ಟು ಭಾರ ಹೇರೋದಾ? ಯಾರು ಕಲಿಸಿದ್ರು ನಿನಗೆ? ಇಲ್ಲಿ ತಿರುಪು ಇದೆ ನೋಡು. ಇರೋ ಭಾರವನ್ನೇ ಒಂಚೂರು ಸರಿಸಿದ್ರೆ ಸಾಕು, ಅದು ತಾನಾಗೇ..."

ಅಲ್ಲಿಗೆ ಅವಳ ಬಾಯಿ ಕಟ್ಟಿತು. ವ್ಯಾಪಾರಿ ಹೆದರಿ, "ತಾನಾಗೇ ಏನಮ್ಮಾ?" ಎಂದ. ಅಕ್ಕ ಆಗಲೇ ಎದ್ದಾಗಿತ್ತು. ಅವನನ್ನೂ ತಕ್ಕಡಿಯನ್ನೂ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ತಮ್ಮನ ಡೈವಿಂಗ್ ಶೆಡ್ಡಿಗೆ ಓಡಿದಳು.

"ಲೋ, ನನ್ನ ಮೈಮೇಲೆ ಎಲ್ಲಕ್ಕಿಂತ ಭಾರ ಯಾವುದು?"

"ಸಿಲಿಂಡರು. ಬಿಟ್ಟರೆ ನಿನ್ನ ನಾಲಿಗೆ."

"ತಮಾಷೆ ಸಾಕು. ಅದನ್ನ ಕೆಳಗೆ ಇಳಿಸೋಕೆ ಬರುತ್ತಾ? ಅದರ ತಲೆ ನನ್ನ ತಲೆಗೆ ಟಕ್ ಟಕ್ ಅಂತ ಬಡೀತಾನೇ ಇರುತ್ತೆ."

ತಮ್ಮ ಹಣೆ ಹಣೆ ಬಡಿದುಕೊಂಡ. "ಬಡಿಯುತ್ತಾ? ಮೂರು ವಾರದಿಂದ ಬಡಿಯುತ್ತಾ? ಬಾಯಿಬಿಟ್ಟು ಹೇಳೋದಲ್ವೇನೇ ಮಾರಾಯ್ತಿ!"

"ಹೇಳಿದ್ರೆ, ವಯಸ್ಸಾಯ್ತು ಮನೇಲಿರು ಅಂತೀಯ ಅಂತ ಸುಮ್ನಿದ್ದೆ."

ಅವಳು ಮೋಟು ಆಳು. ಎಲ್ಲರಿಗೂ ಕಟ್ಟುವ ಎತ್ತರಕ್ಕೇ ಇವಳ ಬೆನ್ನಿಗೂ ಸಿಲಿಂಡರ್ ಕಟ್ಟಿದ್ದ ತಮ್ಮ. ಭಾರವೆಲ್ಲ ತಲೆಯ ಕಡೆಗಿದ್ದರೆ ಕಾಲು ಮೇಲೇಳದೆ ಇನ್ನೇನು ಮಾಡೀತು? ಪಟ್ಟಿ ಸಡಿಲಿಸಿ ನಾಲ್ಕು ಬೆರಳು ಕೆಳಗಿಳಿಸಿದ. ಮುಳುಗಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ತುಂಡೊಂದನ್ನೂ ತುಸು ಕೆಳಗೆ ಸರಿಸಿದ. ಇಬ್ಬರೂ ಈಜುಕೊಳಕ್ಕೆ ಹೋದರು. ಅಕ್ಕ ನೀರಿನ ನಡುವೆ ಮಲಗಿದಳು. ಮಲಗಿಯೇ ಇದ್ದಳು. ಕಾಲು ಮೇಲೂ ಹೋಗಲಿಲ್ಲ, ಕೆಳಗೂ ಬೀಳಲಿಲ್ಲ. ಒಂದು ನಿಮಿಷದ ಪರೀಕ್ಷೆ. ತಮ್ಮ ಮೂರು ನಿಮಿಷ ಗಡಿಯಾರ ನೋಡುವುದನ್ನೇ ಮರೆತು ನಿಂತ.

ಭಾನುವಾರ ಕಡಲು ತಿಳಿಯಾಗಿತ್ತು. ಹಗ್ಗ ಹಿಡಿದು ಇಳಿದರು. ಕೆಳಗೆ ಲಾಂಚು ಕಂಡಿತು. ಕತ್ತರಿಸಿದ ಗೋಡೆಯ ಬಳಿ ತಮ್ಮ ದೀಪ ಹಿಡಿದು ನಿಂತು, ನೀನು ಹೋಗು ಎಂದು ಕೈ ಮಾಡಿದ. ಅಕ್ಕ ಕೆಸರಿಗೆ ಮೊಳದಷ್ಟು ಮೇಲೆ, ಒಂದು ಕಣವನ್ನೂ ಕದಡದೆ ಒಳಗೆ ಸಾಗಿದಳು. ಸಂತೋಷಕ್ಕೆ ಅವಳಿಗೆ ಕಿರುಚಬೇಕೆನಿಸಿತು. ಬಾಯಲ್ಲಿ ಉಸಿರಿನ ನಳಿಗೆ ಇತ್ತು, ಬದುಕಿದವು ಮೀನುಗಳು.

ಕೋಣೆಯ ತುಂಬ ಎಂಜಿನ್. ಅದಕ್ಕೂ ಗೋಡೆಗೂ ನಡುವೆ ಬೋಲ್ಟು ಹಾಕಿ ಕೂರಿಸಿದ ಒಂದು ಕಬ್ಬಿಣದ ಪೀಠ. ಒಬ್ಬ ಕೂತರೆ ಮೊಣಕಾಲು ಎಂಜಿನ್ನಿಗೆ ತಾಗುವಷ್ಟು ಜಾಗ. ಅಪ್ಪ ಮೂವತ್ತು ವರ್ಷ ಕೂತ ಜಾಗ. ಅಕ್ಕ ಅದನ್ನು ಅಂಗೈಯಿಂದ ಸವರಿದಳು. ಆಮೇಲೆ ಅಳತೆಯ ಕಣ್ಣು ಸುಮ್ಮನಿರಬೇಕಲ್ಲ? ಆಚೆ ನೋಡಿದಳು, ಈಚೆ ನೋಡಿದಳು. ಇಲ್ಲಿ ಇನ್ನೊಬ್ಬರಿರಲಿ, ಬೆಕ್ಕಿನ ಮರಿಗೂ ಜಾಗವಿರಲಿಲ್ಲ.

ದೋಣಿ ಹತ್ತಿ ನಳಿಗೆ ಉಗಿದವಳೇ ಕೇಳಿದಳು. "ಲೋ, ಅಪ್ಪ ಪೀಠದ ಮೇಲೆ ಕೂತ್ರೆ ನೀನೆಲ್ಲಿ ಕೂರ್ತಿದ್ದೆ?"

ತಮ್ಮ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಮೆಟ್ಟಿಲ ಮೇಲೆ. ಬಾಗಿಲ ಹೊರಗೆ. ಒಳಗೆ ಬಂದ್ರೆ ಕೈ ಸಿಕ್ಕಿಕೊಳ್ಳುತ್ತೆ ಅಂತ ಅಪ್ಪ ನನ್ನನ್ನೂ ಬಿಡ್ತಿರ್ಲಿಲ್ಲ."

"ಅಯ್ಯೋ ಸುಳ್ಳುಬುರುಕ! ನಲವತ್ತೈದು ವರ್ಷ ಉರಿಸಿದ್ಯಲ್ಲೋ ನನ್ನ!" ಅಕ್ಕ ಅವನ ಬೆನ್ನಿಗೆ ಗುದ್ದಿದಳು. ಗುದ್ದುತ್ತಲೇ ಹೊಟ್ಟೆ ಹಿಡಿದು ನಕ್ಕಳು. "ಹೋಗ್ಲಿ, ಮುಳುಗಿದ ಮೇಲಾದ್ರೂ? ಮುನ್ನೂರು ಸಲ ಇಳಿದಿದ್ದೀಯ. ಒಂದು ಸಲವೂ ಒಳಗೆ ಹೋಗಿಲ್ವಾ?"

"ಇಲ್ಲ."

"ಯಾಕೋ?"

"ಅಪ್ಪ ಬೇಡ ಅಂದಿದ್ರಲ್ಲ ಅಕ್ಕ."

ಅಕ್ಕನ ನಗು ನಿಂತಿತು. ಐವತ್ತೆರಡು ವರ್ಷದ ಮೇಷ್ಟ್ರು, ತಲೆಯಲ್ಲಿ ಅರ್ಧ ಕೂದಲಿಲ್ಲ, ಬೈಸಿಕೊಂಡ ಮಗುವಿನಂತೆ ಟವೆಲ್ಲಿನ ಅಂಚು ತಿರುಚುತ್ತಿದ್ದ. ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಮುದ್ದು ಬಂತು.

"ಇನ್ನೊಂದು ಸಲ ಇಳಿಯೋಕೆ ಎಷ್ಟು ಹೊತ್ತು ಕಾಯ್ಬೇಕು?"

"ಒಂದು ಗಂಟೆ."

"ಕಾಯೋಣ. ಈ ಸಲ ದೀಪ ನಾನು ಹಿಡೀತೀನಿ, ನೀನು ಹೋಗು. ಅಪ್ಪ ಕೇಳಿದ್ರೆ ಅಕ್ಕ ಹೇಳಿದ್ಲು ಅನ್ನು."

ಗಂಟೆಯ ಮೇಲೆ ಅಕ್ಕ ಕತ್ತರಿಸಿದ ಗೋಡೆಯ ಬಳಿ ದೀಪ ಹಿಡಿದು, ನೀರಿನ ನಡುವೆ ಅಲುಗದೆ ನಿಂತಿದ್ದಳು. ತಮ್ಮ ಹೊಸ್ತಿಲಲ್ಲಿ ಒಂದು ಕ್ಷಣ ತಡೆದ. ಅವಳು ಅವನ ಬೆನ್ನು ತಳ್ಳಿದಳು. ಒಳಗೆ ಹೋಗಿ, ತಿರುಗಿ, ಅಪ್ಪನ ಪೀಠದ ಮೇಲೆ ಕೂತ. ನೀರಿನಡಿ ನಗಬೇಡಿ, ನಕ್ಕರೆ ಮಾಸ್ಕಿನೊಳಗೆ ನೀರು ನುಗ್ಗುತ್ತದೆ ಎಂದು ಶಿಷ್ಯರಿಗೆಲ್ಲ ಹೇಳಿಕೊಡುವ ಮೇಷ್ಟ್ರ ಮಾಸ್ಕು ಮೂಗಿನವರೆಗೆ ತುಂಬಿಹೋಗಿತ್ತು.