ಉಪ್ಪು ಹಾಕುವ ಕೈ

ಶಿವಮೊಗ್ಗದ ಕೋಟೆ ರಸ್ತೆಯ ಹಿಂದೆ ಒಂದು ಮಠದ ಉಚಿತ ವಿದ್ಯಾರ್ಥಿನಿಲಯವಿತ್ತು. ಹಳ್ಳಿಗಳಿಂದ ಕಾಲೇಜಿಗೆ ಬಂದ ಹುಡುಗರಿಗೆ ಅಲ್ಲಿ ಎರಡು ಹೊತ್ತಿನ ಊಟ. ಅಡುಗೆಮನೆ ಶಂಕರಮ್ಮನವರದು. ಗದ್ದುಗೆಗೆ ನೈವೇದ್ಯವಾಗುವ ತನಕ ಯಾರೂ ಅಡುಗೆಯ ರುಚಿ ನೋಡುವಂತಿರಲಿಲ್ಲ. ಆದ್ದರಿಂದ ಉಪ್ಪು ಹಾಕುವ ಅಧಿಕಾರ ಒಬ್ಬರಿಗೇ. ಬಹಳ ವರ್ಷಗಳಿಂದ ಅದು ಶಂಕರಮ್ಮನವರ ಕೈಯಲ್ಲಿತ್ತು. ಕೊಪ್ಪರಿಗೆಯಲ್ಲಿ ಕುದಿಯುವ ಸಾರನ್ನು ಒಮ್ಮೆ ನೋಡಿ ಕಲ್ಲುಪ್ಪು ಹಾಕಿದರೆ ಹದ ತಪ್ಪುತ್ತಿರಲಿಲ್ಲ.

ಆ ವರ್ಷ ಕಾರ್ತಿಕದಲ್ಲಿ ಅವರ ಒಬ್ಬಳೇ ಮಗಳು ಭದ್ರಾವತಿಯಲ್ಲಿ ತೀರಿಕೊಂಡಳು. ಅಳಿಯ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದ. ಜ್ವರವೆಂದು ಸುದ್ದಿ ಬಂದು ಇವರು ಹೋಗಿ ತಲುಪುವಷ್ಟರಲ್ಲಿ ಮಗಳ ಮಾತು ನಿಂತಿತ್ತು. ಸಮಾಧಿಗೆ ಮಣ್ಣು ಹಾಕಿ, ಮಾರನೆಯ ದಿನದ ರೈಲಿಗೇ ಹಿಂತಿರುಗಿ ಒಲೆಯ ಮುಂದೆ ನಿಂತರು. ಶರಣರ ಮಾರ್ಗದಲ್ಲಿ ಸೂತಕವಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ. ಒಂದು ವರ್ಷ ಉಪ್ಪು ಬಿಡುತ್ತೇನೆಂದು ಶಿವನ ಮುಂದೆ ಹೇಳಿಕೊಂಡರು. ಅಂದಿನಿಂದ ಅವರಿಗೆ ಹಾಲು, ಸಪ್ಪೆ ಅನ್ನ.

ಬಿಸಿಲು ಬಲಿಯುವ ಕಾಲ. ಒಂದು ದಿನ ಶಂಕರಮ್ಮ ಸೌದೆ ತೆಗೆಯಲು ಹೋದಾಗ ಅದರ ಹಿಂದೆ ಬುಟ್ಟಿಯ ಕೆಳಗೆ ಒಂದು ದೊಡ್ಡ ಪಾತ್ರೆ ಸಿಕ್ಕಿತು. ಅದರ ತುಂಬ ಬೆಂದ ಬೇಳೆ. ಬೇಳೆ ಬೇಯಿಸುವವಳು ದಾಕ್ಷಾಯಣಿ. ಅವಳ ಗಂಡ ಮರದ ನಾಟಾ ಸಾಗಿಸುವ ಲಾರಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಮಠದ ಸಂಬಳ, ಮಠದ ಅಕ್ಕಿಯಲ್ಲೇ ಅವಳ ಮನೆ ನಡೆಯಬೇಕು.

"ಯಾರಿಗೆ ಇಟ್ಟಿದ್ದೀಯ ಇದು?"

ದಾಕ್ಷಾಯಣಿ ಮುಖ ತಗ್ಗಿಸಿದಳು. "ಯಾರಿಗೂ ಅಲ್ಲಮ್ಮ."

"ಬೇಳೆ ತಾನಾಗೇ ನಡ್ಕೊಂಡು ಹೋಗಿ ಸೌದೆ ಹಿಂದೆ ಕೂತ್ಕೊಂಡ್ತಾ ಮಾರಾಯ್ತಿ? ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು? ದೇವರ ಮನೆ ಬೇಳೆ ಕದಿಯೋ ಕೈ ನನ್ನ ಒಲೆ ಹತ್ರ ಬೇಡ. ನಾಳೆಯಿಂದ ಬರಬೇಡ."

ಅವಳ ಕಣ್ಣಲ್ಲಿ ನೀರು ಬಂತು. ಕೊಪ್ಪರಿಗೆ ಹೊರುವ ಓಂಕಾರಪ್ಪ ಮಾತ್ರ ತಡೆಯಲಾರದೆ ಹೇಳಿದ, "ಅಮ್ಮ, ಇವತ್ತು ನೀವೇ ಒಂದು ತುತ್ತು ಉಣ್ಣಿ. ಆಮೇಲೆ ಯಾರನ್ನ ಬೇಕಾದ್ರೂ ಓಡಿಸಿ."

"ನನ್ನ ವ್ರತ ಗೊತ್ತಿಲ್ವೇನೋ ನಿಂಗೆ?"

"ಗೊತ್ತು. ಅದಕ್ಕೇ ಹೇಳಿದ್ದು."

ಶಂಕರಮ್ಮ ಪಾತ್ರೆಯನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು. ನೈವೇದ್ಯವಾಯಿತು. ಪಂಕ್ತಿಗೆ ಬಡಿಸಿದರು. ಓಂಕಾರಪ್ಪನ ಮಾತು ಮನಸ್ಸಿನಲ್ಲಿ ಉಳಿದಿತ್ತಾದ್ದರಿಂದ ಅಂದು ಸಾಲಿನ ನಡುವೆ ನಿಧಾನವಾಗಿ ನಡೆದರು. ಹುಡುಗರೆಲ್ಲ ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದರು.

"ಊಟ ಹೇಗಿದ್ಯಪ್ಪ?"

"ಚೆನ್ನಾಗಿದೆ ಅಮ್ಮ," ಎಂದರು ಎಲ್ಲರೂ ಒಂದೇ ದನಿಯಲ್ಲಿ.

ಆ ಒಂದೇ ದನಿ ಕೇಳಿ ಅವರಿಗೆ ಭಯವಾಯಿತು. ಹಿಂದೊಮ್ಮೆ ಒಬ್ಬ ಸಾರು ಸರಿಯಿಲ್ಲವೆಂದಾಗ, ಪ್ರಸಾದಕ್ಕೆ ಹೆಸರಿಡುತ್ತೀಯಾ ಎಂದು ಅವನನ್ನು ಎಲೆಯ ಮುಂದಿನಿಂದ ಎಬ್ಬಿಸಿದ್ದರು. ಹುಡುಗರಷ್ಟೇ ಅಲ್ಲ, ಅಡುಗೆಯವರೂ ಅಂದೇ ಪಾಠ ಕಲಿತಿದ್ದರು.

ಶಂಕರಮ್ಮ ಸಾಲಿನ ಕೊನೆಯಲ್ಲಿ ಕೂತು, "ನಂಗೂ ಬಡಿಸು," ಎಂದರು. ಮೊದಲ ತುತ್ತಿಗೇ ನಾಲಿಗೆ ಉರಿಯಿತು. ತಾವೇ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದ್ದಾರೆ. ಎಷ್ಟು ದಿನದಿಂದಲೋ. ಪ್ರಸಾದ ಚೆಲ್ಲುವಂತಿಲ್ಲ. ಎಲೆಯಲ್ಲಿದ್ದುದನ್ನೆಲ್ಲ ಉಂಡರು. ಎದ್ದು ಹೋಗಿ ಬೀಗ ತೆಗೆದು, ಬೇಳೆಯನ್ನು ತಾವೇ ಹೊತ್ತು ತಂದರು.

"ಉಪ್ಪು ತಗ್ಗಲಿ ಅಂತ ಇದನ್ನ ಸಾರಿಗೆ ಬೆರೆಸ್ತಿದ್ದೆಯಾ?"

"ಹೂಂ," ಎಂದಳು ದಾಕ್ಷಾಯಣಿ. "ನೈವೇದ್ಯ ಆದ ಮೇಲೆ, ನೀವು ಪೂಜೆಗೆ ಕೂತಾಗ."

"ದೇವರಿಗೆ?"

"ಶಿವ ಒಬ್ಬನೇ ನಿಮ್ಮ ಉಪ್ಪನ್ನ ಬೆರಕೆಯಿಲ್ಲದೆ ಉಂಡಿದ್ದು," ಎಂದ ಓಂಕಾರಪ್ಪ.

"ನಂಗೆ ಹೇಳೋದಲ್ವೇನೆ?"

"ಹೇಳೋಕೆ ಬಿಟ್ಟಿದ್ದೀರಾ ನೀವು? ಮಗಳು ಹೋದ್ಲು, ಇನ್ನು ಈ ಕೆಲಸನೂ ನಿಮ್ಮ ಕೈಯಿಂದ ಕಿತ್ಕೊಂಡ್ರೆ..." ದಾಕ್ಷಾಯಣಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕಳ್ಳಿ ಅನ್ನಿಸ್ಕೊಂಡ್ರೂ ವಾಸಿ ಅಂತ ಸುಮ್ನಿದ್ದೆ."

ಶಂಕರಮ್ಮ ಅವಳ ಕೈ ಹಿಡಿದು, "ನಾಳೆ ಬೇಗ ಬಾ," ಎಂದಷ್ಟೇ ಹೇಳಿದರು. ಸಂಜೆ ಅಂಗೈಯ ಲಿಂಗವನ್ನು ನೋಡುತ್ತ ವ್ರತ ಮುರಿದದ್ದಕ್ಕೆ ಕ್ಷಮೆ ಕೇಳಿದರು. ಅದು ಕಷ್ಟವಾಗಲಿಲ್ಲ. ನಾಳೆ ಮನುಷ್ಯರ ಮುಂದೆ ಕೂತು ತಪ್ಪೊಪ್ಪಿಕೊಳ್ಳಬೇಕಾದದ್ದು ಕಷ್ಟವಾಗಿ ಕಂಡಿತು. ಬಹಳ ದಣಿದಿದ್ದರು.

ಮರುದಿನ ಉಪ್ಪಿನ ಮರಿಗೆಯನ್ನು ದಾಕ್ಷಾಯಣಿಯ ಮುಂದೆ ಸರಿಸಿದರು. ಅವಳು ಹಿಂದೆ ಸರಿದಳು.

"ಎಷ್ಟಮ್ಮ?"

"ಕಣ್ಣಿಗೆ ತೋಚಿದಷ್ಟು ಹಾಕು. ತಪ್ಪಿದ್ರೆ ಬಡಿಸೋ ಮುಂಚೆ ಇಬ್ರೂ ಸೇರಿ ಸರಿ ಮಾಡೋಣ. ನಂಗೆ ಈಗ ನನ್ನ ಕೈ ಮೇಲೆ ನಂಬಿಕೆ ಇಲ್ಲ."

ಅವಳು ಹೆದರುತ್ತ ಹಾಕಿದಳು. ನೈವೇದ್ಯವಾದ ಮೇಲೆ ಇಬ್ಬರೂ ಬಾಯಿಗಿಟ್ಟು ನೋಡಿದರು. ಇನ್ನಷ್ಟು ಬೇಕಿತ್ತು, ಹಾಕಿದಳು. ಶಂಕರಮ್ಮ ಬಂದು ಹುಡುಗರ ಸಾಲಿನಲ್ಲೇ ಕೂತರು.

"ಇಷ್ಟು ದಿನ ಉಪ್ಪು ಕೆಡಿಸಿದ್ದು ನಾನು. ನಿನ್ನೆ ನೀವೆಲ್ಲ ಸಹಿಸಿಕೊಂಡ್ರಿ. ಇನ್ನು ಸಹಿಸಬೇಡಿ. ಹೇಗಿದೆಯೋ ಹಾಗೆ ಹೇಳಿ. ಯಾರನ್ನೂ ಎಬ್ಬಿಸಲ್ಲ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನಿಂದ ಒಂದು ದನಿ, "ಅಮ್ಮ, ಹುಳಿ ಕಡಿಮೆ ಇದೆ."

"ಅನ್ನ ಮುದ್ದೆ ಆಗಿದೆ," ಎಂದ ಮತ್ತೊಬ್ಬ.

"ಮಜ್ಜಿಗೆ ಬರೀ ನೀರು. ತುಂಗೆಯಿಂದ ನೇರವಾಗಿ ಬರುತ್ತೆ," ಎಂದ ಇನ್ನೊಬ್ಬ. ಸಾಲು ನಕ್ಕಿತು.

"ಮುಗೀತು ನಮ್ಮ ಕಥೆ," ಎಂದು ಓಂಕಾರಪ್ಪ ಬಕೆಟ್ಟು ಕೆಳಗಿಟ್ಟ.

ಶಂಕರಮ್ಮ ತಲೆ ಬಗ್ಗಿಸಿ ಕೇಳುತ್ತಿದ್ದರು. ಒಂದೊಂದು ಮಾತೂ ಚುಚ್ಚಿತು. ಎದ್ದು ಒಳಗೆ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ.

"ಹೂಂ," ಎಂದರು. "ಇನ್ನೂ ಹೇಳಿ."