ಕೆಟ್ಟ ಜೌಗಿನ ಗೇಸ್ಕೆ

ಅಕ್ಕನ ಶವಪೆಟ್ಟಿಗೆಯ ಮೇಲಿಡುವ ಹೂಚಕ್ರಕ್ಕೆ ಕಟ್ಟಿದ್ದ ರಿಬ್ಬನ್ನನ್ನು ರೂಲೊಫ್ ಹಲ್ಲಿನಿಂದ ಕಚ್ಚಿ ಕಿತ್ತ. ಅದರ ಮೇಲೆ ಬರೀ 'ಗೇಸ್ಕೆ' ಎಂದಿತ್ತು. ಅವನು ಕಟ್ಟಿದ ಹೊಸದರಲ್ಲಿ ಹೊಂಬಣ್ಣದ ಅಕ್ಷರಗಳಿದ್ದವು: 'ಬ್ಯಾರನ್ ಕ್ವಾಡೆಯ ಊರಿನ ಮಗಳಿಗೆ.'

"ನಿಮ್ಮಕ್ಕ ಇದನ್ನ ನೋಡಿದ್ರೆ ಎದ್ದು ಬಂದು ಕೆನ್ನೆಗೆ ಬಾರಿಸ್ತಿದ್ಲು," ಎಂದಳು ಪಕ್ಕದ ಮನೆಯ ಹಿಲ್ಲಿ.

"ಅದಕ್ಕೇ ಇವತ್ತು ಕಟ್ತಿದೀನಿ."

ಅವನದೇ ಹೋಟೆಲಿನ ಹಜಾರದಲ್ಲಿ ಜನ ಕಾಫಿ ಹೀರುತ್ತಿದ್ದರು. ಮುಕ್ಕಾಲು ಪಾಲು ಗೇಸ್ಕೆಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವರೇ.

"ಬಾಯಿ ಒಂದು ಸುಮ್ನೆ ಇದ್ದಿದ್ರೆ ಒಳ್ಳೆ ಹೆಂಗಸೇ," ಎಂದ ಬೇಕರಿಯವನು.

"ಅದಿರ್ಲಿ, ನಿನ್ನ ಕೇಕು ಒಣಗಿದೆ ಕಣೋ," ಎಂದ ಪಕ್ಕದವನು, ಇನ್ನೊಂದು ಹೋಳು ತೆಗೆದುಕೊಳ್ಳುತ್ತ.

*

ಆ ಬ್ಯಾರನ್ನನನ್ನು ಹುಟ್ಟಿಸಿದವನು ರೂಲೊಫನೇ. ಸೈಕಲ್ಲಿನಲ್ಲಿ ಬರುವ ಪ್ರವಾಸಿಗರು ಕ್ವಾಡೆವೇನ್ ಎಂಬ ಊರ ಹೆಸರು ಕೇಳಿಯೇ ನಕ್ಕು ಮುಂದಿನ ಊರಿಗೆ ಹೋಗಿಬಿಡುತ್ತಿದ್ದರು. ಅವನು ಕ್ವಾಡೆ ಎಂಬ ಒಬ್ಬ ದಯಾಳು ಬ್ಯಾರನ್ನನನ್ನು, ಹಳೇ ಕಾಲದ ಜಹಗೀರುದಾರನನ್ನು, ಕಲ್ಪಿಸಿ, ಊರಿಗೆ ಅವನದೇ ಹೆಸರೆಂದು ಊರಬಾಗಿಲಲ್ಲಿ ಫಲಕ ನೆಡಿಸಿದ. ಅನಾವರಣದ ದಿನ ಗೇಸ್ಕೆ ಎದ್ದು ನಿಂತಳು.

"ಕ್ವಾಡೆ ಅಂದ್ರೆ ಕೆಟ್ಟದ್ದು, ವೇನ್ ಅಂದ್ರೆ ಜೌಗು. ಬೇರೆ ಕಡೆ ಜೌಗಿನ ಮಣ್ಣು ಸೌದೆ ಥರ ಉರಿಯತ್ತೆ; ಇಲ್ಲಿನ ಹೆಂಟೆ ಒಣಗಿಸಿ ಒಲೆಗೆ ಹಾಕಿದ್ರೆ ಬರೀ ಹೊಗೆ, ಅದಕ್ಕೆ ಈ ಹೆಸರು. ಮೊಣಕಾಲುಮಟ ಅದೇ ಜೌಗಲ್ಲಿ ನಿಂತು ಹೆಂಟೆ ಅಗೆದು ಮಾರಿ ಅಜ್ಜಿ ನಮ್ಮಪ್ಪನ್ನ ಸಾಕಿದ್ಲು. ಅವಳನ್ನ ಅಳಿಸಿ ಯಾವನನ್ನೋ ತಂದು ಕೂರಿಸ್ತೀಯಾ, ರೂಲೊಫ್?"

"ಅಜ್ಜಿನ ನೋಡೋಕೆ ಯಾರು ಸೈಕಲ್ ತುಳ್ಕೊಂಡು ಬರ್ತಾರೆ?"

ಜನ ನಕ್ಕರು.

"ನಗಿ ನಗಿ. ನಿಮ್ಮಜ್ಜಿಯರೂ ಅಲ್ಲೇ ಪಕ್ಕದಲ್ಲಿ ಅಗೀತಿದ್ರು."

ಆಮೇಲೆ ಅವಳ ಹುಟ್ಟುಹಬ್ಬದ ಕಾಫಿಗೆ ಯಾರೂ ಬರಲಿಲ್ಲ. ಹಿಲ್ಲಿ ಮಾತ್ರ ಬರುತ್ತಿದ್ದಳು, ಅದೂ ಹಿತ್ತಲ ಬಾಗಿಲಿನಿಂದ. ಗೇಸ್ಕೆ ಪ್ರತಿ ವರ್ಷವೂ ಇಡೀ ಊರಿಗಾಗುವಷ್ಟು ಕುರ್ಚಿ ಹಾಕಿ, ಯಾವುದರಲ್ಲೂ ಕೂರದೆ, ಕಿಟಕಿಯ ಬಳಿ ನಿಂತಿರುತ್ತಿದ್ದಳು.

*

ಸ್ಮಶಾನದಲ್ಲಿ ಗುಂಡಿಯ ಪಕ್ಕ ಪಂಪು ಗುಡುಗುಡು ಎನ್ನುತ್ತಿತ್ತು. ರೂಲೊಫ್ ಮಾತಾಡಲು ಮುಂದೆ ಬಂದ.

"ಅದನ್ನ ನಿಲ್ಸಿ, ನನ್ನ ಮಾತು ಯಾರಿಗೂ ಕೇಳಿಸ್ತಿಲ್ಲ."

"ನಿಲ್ಸಿದ್ರೆ ನೀರು ತುಂಬ್ಕೊಳತ್ತೆ," ಎಂದ ಗುಂಡಿ ತೋಡಿದವನು.

"ಎರಡೇ ಮಾತು ಮಾರಾಯ."

ಪಂಪು ನಿಂತಿತು. ಅಕ್ಕನ ಬಗ್ಗೆ ಅವನು ಎರಡೇ ಮಾತಾಡಿದ. ಬ್ಯಾರನ್ನನ ಔದಾರ್ಯ, ಅವನು ನೆಡಿಸಿದ ಮರಗಳು, ಅವನ ಬಿಳಿ ಕುದುರೆ ಇವುಗಳ ಬಗ್ಗೆ ಪಾದ್ರಿ ಆಕಳಿಸುವವರೆಗೆ ಮಾತಾಡಿದ.

ಪೆಟ್ಟಿಗೆ ಇಳಿಸಿದರು. ಅದು ಅರ್ಧದಲ್ಲೇ ಕಂದು ನೀರಿನ ಮೇಲೆ ನಿಂತು, ನಿಧಾನವಾಗಿ ತಿರುಗಿ, ರೂಲೊಫನ ಕಡೆಯ ಅಂಚಿಗೆ ಬಂದು ತಾಗಿತು. ಅವನು ಸುತ್ತಲೂ ನೋಡಿದ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ರೂಲೊಫ್ ಬಗ್ಗಿ, ಕೊಡೆಯ ತುದಿಯಿಂದ ಅಕ್ಕನನ್ನು ಕೆಳಕ್ಕೆ ಒತ್ತಿದ. ಪೆಟ್ಟಿಗೆ ಮುಳುಗಿತು. ಕೊಡೆ ತೆಗೆದೊಡನೆ ಮತ್ತೆ ಮೇಲೆ ಬಂತು.